ಹಳೇ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಕೊನೆಗೂ ಓಡಿದ್ದು ಹೀಗೆ: ನನ್ನ ಅನುಭವ

ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020. ದಾವಣಗೆರೆಯಲ್ಲಿ ಜೆರಾಕ್ಸ್, ಡಿಟಿಪಿ ಮಾಡುವವರಿಗೆ ಇವುಗಳ ಪರಿಚಯ ಬೇಕಿಲ್ಲ. ನನ್ನಲ್ಲಿ ಎರಡೂ ಇವೆ. ಜೊತೆಗೆ ಬಣ್ಣಕ್ಕೆ ಒಂದು ಎಪ್ಸನ್ ಎಲ್3110, ಮಂಡಿ ಬಿಲ್‌ಗೆ ಒಂದು ಹಳೇ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್. ನಾಲ್ಕೂ ಈಗ ಲಿನಕ್ಸ್‌ನಿಂದಲೇ (ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ) ಓಡುತ್ತಿವೆ. ಒಂದು ಅಡ್ಮಿಷನ್ ಸೀಸನ್ ಪೂರ್ತಿ ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿ ಎಲ್ಲ ಅದರಲ್ಲೇ ಹೊಡೆದು ಕೊಟ್ಟ ಮೇಲೆ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಯಾಕೆ ಬೇಕಿತ್ತು ಈ ತಲೆನೋವು? ದುಡ್ಡು, ಮತ್ತೇನು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ನನ್ನ ಮೂರೂ ಸಿಸ್ಟಂ ನಾಲ್ಕನೇ ಜನರೇಷನ್ ಐ3. ವಿಂಡೋಸ್ 11 ಕೇಳುವುದು ಕನಿಷ್ಠ ಎಂಟನೇ ಜನರೇಷನ್, ಮೇಲೆ ಟಿಪಿಎಂ 2.0 ಅಂತ ಒಂದು ಭದ್ರತಾ ಚಿಪ್. ಹೊಸದಕ್ಕೆ ಕೊಟೇಷನ್ ತರಿಸಿದೆ, ಮೂರಕ್ಕೆ ಲಕ್ಷದ ಹತ್ತಿರ ಬಂತು. ಒಂದು ಪ್ರಿಂಟ್‌ಗೆ ಐದು ರೂಪಾಯಿ ತಗೊಳ್ಳುವ ಅಂಗಡಿಗೆ ಲಕ್ಷ ಅಂದರೆ ಎಷ್ಟು ಹಾಳೆ ಆಗುತ್ತದೆ ನೀವೇ ಲೆಕ್ಕ ಹಾಕಿ. ಅದೇ ಐ3ಗೆ ಒಂದೊಂದು ಎಸ್‌ಎಸ್‌ಡಿ ಹಾಕಿ ಮಿಂಟ್ ಅನ್ನುವ ಲಿನಕ್ಸ್ ಕೂರಿಸಿದರೆ ಇನ್ನೂ ಐದಾರು ವರ್ಷ ಆರಾಮ.

ಅಶೋಕ ರಸ್ತೆ ಕಡೆ ಅಂಗಡಿ ಇರುವ ಗೆಳೆಯ ಕೇಳಿದ ಕೂಡಲೇ ನಕ್ಕ. "ಲಿನಕ್ಸ್ ಹಾಕಿದ್ರೆ ಪ್ರಿಂಟರ್‌ನ ಗುಜರಿಗೆ ಹಾಕ್ಬೇಕು ಅಷ್ಟೇ ಗುರೂ" ಅಂದ. ಟೋನರ್ ತುಂಬಲು ಬರುವ ಹುಡುಗನೂ ಸೇರಿಸಿದ: "ಅಣ್ಣಾ, 2900ಗೆ ಲಿನಕ್ಸ್ ಡ್ರೈವರ್ರೇ ಇಲ್ಲ." ಇದೆ. ಅದನ್ನು ದಿನಾ ಬೆಳಿಗ್ಗೆ ಎಬ್ಬಿಸುವುದರಲ್ಲಿ ಜೀವ ಹೋಗುತ್ತದೆ, ಅದು ಬೇರೆ ಮಾತು.

ಎಪ್ಸನ್ ಬಗ್ಗೆ ಹೇಳುವುದು ಏನೂ ಇಲ್ಲ. ಇಎಸ್‌ಸಿಪಿಆರ್ ಡ್ರೈವರ್ ಮಿಂಟ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗುತ್ತದೆ, ಕೇಬಲ್ ಚುಚ್ಚಿ ಟೀ ತರಿಸುವಷ್ಟರಲ್ಲಿ ಬಣ್ಣ ಬಂತು.

1020 ಹಾಗಲ್ಲ. ಇದರ ಫರ್ಮ್‌ವೇರ್ (ಪ್ರಿಂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ) ಒಳಗೆ ಉಳಿಯುವುದಿಲ್ಲ, ಪವರ್ ಹಾಕಿದಾಗಲೆಲ್ಲ ಕಂಪ್ಯೂಟರ್ ಹೊಸದಾಗಿ ಕಳಿಸಬೇಕು. ಎಚ್‌ಪಿಯ ಲಿನಕ್ಸ್ ಸಾಫ್ಟ್‌ವೇರ್ ಎಚ್‌ಪಿಲಿಪ್ ಆ ಕೆಲಸ ತಾನೇ ಮಾಡುತ್ತದೆ. ಆದರೆ ಪ್ಲಗಿನ್ ಅಂತ ಒಂದು ಬೇರೆ ತುಂಡು ಇಳಿಸಿಕೊಳ್ಳಬೇಕು, ಆ ಪ್ಲಗಿನ್‌ನ ಆವೃತ್ತಿ ಮತ್ತು ಎಚ್‌ಪಿಲಿಪ್‌ನ ಆವೃತ್ತಿ ಒಂದೇ ಇರಬೇಕು. ಮಿಂಟ್ ಅಪ್‌ಡೇಟ್ ಆಗಿ ಎಚ್‌ಪಿಲಿಪ್ ಮುಂದಕ್ಕೆ ಹೋಗುತ್ತದೆ, ಪ್ಲಗಿನ್ ಹಿಂದೆ ಉಳಿಯುತ್ತದೆ, ಪ್ರಿಂಟರ್ ಗಪ್‌ಚಿಪ್. ಇದು ನನಗೆ ಸರಿಯಾಗಿ ಗೊತ್ತಾಗಿದ್ದು ಅಂಗಡಿ ತುಂಬ ಜನ ಇರುವಾಗಲೇ. ಜಗಳೂರು ಕಡೆಯಿಂದ ಪಹಣಿಗೆ ಬಂದ ಯಜಮಾನರು "ಬೇಗ ಕೊಡಪ್ಪ, ಬಸ್ ಹೋಗುತ್ತೆ" ಅಂತ ನಿಂತಿದ್ದಾರೆ, ನಾನು ಪ್ಲಗಿನ್ ಡೌನ್‌ಲೋಡ್ ಆಗುವುದನ್ನು ನೋಡುತ್ತಾ ಕೂತಿದ್ದೇನೆ.

ಈಗ 2900. ಇದು ಪೋಸ್ಟ್‌ಸ್ಕ್ರಿಪ್ಟ್ ಮಾತಾಡಲ್ಲ, ಪಿಸಿಎಲ್ಲೂ ಮಾತಾಡಲ್ಲ. ಇದರ ಭಾಷೆ ಕ್ಯಾನನ್‌ನದೇ ಆದ ಕ್ಯಾಪ್ಟ್. ಕ್ಯಾನನ್ ಕೊಡುವ ಲಿನಕ್ಸ್ ಡ್ರೈವರ್‌ನಲ್ಲಿ ಸಿಸಿಪಿಡಿ ಅಂತ ಒಂದು ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ. ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ ಕಪ್ಸ್ ಕೆಲಸವನ್ನು ಅದಕ್ಕೆ ಕೊಡುತ್ತದೆ, ಅದು ಪ್ರಿಂಟರ್‌ಗೆ ಕೊಡುತ್ತದೆ. ಅದು ಮಲಗಿದ್ದರೆ ಹಾಳೆ ಬರಲ್ಲ. ಜೊತೆಗೆ ಡ್ರೈವರ್‌ನ ಕೆಲವು ಭಾಗ 32 ಬಿಟ್, ನಮ್ಮ ಮಿಂಟ್ 64 ಬಿಟ್. 32 ಬಿಟ್ ಲೈಬ್ರರಿಗಳನ್ನು ಹುಡುಕಿ ಹುಡುಕಿ ಹಾಕಬೇಕು, ಒಂದು ಬಿಟ್ಟರೂ 'ಫಿಲ್ಟರ್ ಫೇಲ್ಡ್'. ಆ ಎರಡು ಪದ ನೋಡಿದರೆ ನನಗೆ ಈಗಲೂ ಬಿಪಿ ಏರುತ್ತದೆ.

ಎಲ್ಲ ಹಾಕಿದ ಮೇಲೆ ಟೆಸ್ಟ್ ಪೇಜ್ ಬಂತು. ಮರುದಿನ ಬೆಳಿಗ್ಗೆ ಇಲ್ಲ. ಕ್ಯೂನಲ್ಲಿ ಕೆಲಸ ಮುಗಿದಿದೆ ಅಂತ ತೋರಿಸುತ್ತದೆ, ಟ್ರೇನಲ್ಲಿ ಹಾಳೆ ಅಲ್ಲಾಡಿಲ್ಲ. ತೆಗೆದು ಮತ್ತೆ ಹಾಕಿದರೆ ಬರುತ್ತದೆ, ಸಂಜೆ ಕರೆಂಟ್ ಹೋಗಿ ಬಂದರೆ ಮತ್ತೆ ಇಲ್ಲ. ಡ್ರೈವರ್ ಸರಿ ಇಲ್ಲ ಅಂತ ಎಲ್ಲರೂ ಹೇಳಿದರು. ಡ್ರೈವರ್ ಸರಿಯಾಗಿಯೇ ಇತ್ತು. ಸಿಸಿಪಿಡಿಗೆ ಪ್ರಿಂಟರ್ ಇರುವ ಜಾಗ ಯುಎಸ್‌ಬಿಯ ಎಲ್‌ಪಿ0 ಅಂತ ಹೇಳಿಟ್ಟಿರುತ್ತೇವೆ ಅಲ್ವಾ, 1020ರ ಸ್ವಿಚ್ ಮೊದಲು ಹಾಕಿದ ದಿನ ಎಲ್‌ಪಿ0 ಅದರ ಪಾಲು. 2900 ಎಲ್‌ಪಿ1 ಆಗಿರುತ್ತದೆ. ಸಿಸಿಪಿಡಿ ಪಾಪ ಇಲ್ಲದ ಪ್ರಿಂಟರ್ ಹತ್ತಿರ ಕಾಯುತ್ತಾ ಕೂತಿರುತ್ತದೆ. ಚುಚ್ಚಿದ ಸಾಧನಕ್ಕೆ ಹೆಸರು ಕೊಡುವ ಯುಡೆವ್‌ನಲ್ಲಿ ಒಂದೇ ಸಾಲಿನ ನಿಯಮ ಬರೆದೆ. ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಕ್ಯಾನನ್ ಸಾಧನದ ಮುಂದೆ 04ಎ9 ಅಂತ ಕಂಪನಿ ನಂಬರ್ ಕಾಣುತ್ತದೆ, ಅದು ಕಂಡಾಗಲೆಲ್ಲ ಒಂದೇ ಹೆಸರಿನ ಸಿಮ್‌ಲಿಂಕ್ (ಅಡ್ಡಹೆಸರು) ಆಗಬೇಕು ಅಂತ. ಸಿಸಿಪಿಡಿಗೆ ಆ ಹೆಸರನ್ನೇ ಕೊಟ್ಟೆ. ಅಲ್ಲಿಂದ ಸ್ವಿಚ್ ಯಾವುದು ಮೊದಲು ಹಾಕಿದರೂ ಚಿಂತೆ ಇಲ್ಲ.

ಇಷ್ಟಾದರೂ ನಡುನಡುವೆ ಮಾಯ ಆಗುತ್ತಿತ್ತು. ಅದು ಬೇರೆಯೇ ಕಥೆ. ಸಿಸ್ಟಂನ ಒಳಗಿನ ಸಂದೇಶ ತೋರಿಸುವ ಡಿಮೆಸೆಜ್ ನೋಡಿದರೆ 'ಎರರ್ ಮೈನಸ್ 71' ಅಂತ ಸಾಲು ಸಾಲು. ಆ ನಂಬರ್ ಕಂಡರೆ ಸಾಫ್ಟ್‌ವೇರ್ ಕಡೆ ಹೋಗಲೇಬೇಡಿ, ಮೊದಲು ಕೇಬಲ್ ಬದಲಿಸಿ. ಟೇಬಲ್ ಸುತ್ತಿ ಬರಲಿ ಅಂತ ಐದು ಮೀಟರ್‌ನ ಅಗ್ಗದ ಕೇಬಲ್ ಹಾಕಿದ್ದೆ, ಯುಎಸ್‌ಬಿ 2ಗೆ ಐದು ಮೀಟರೇ ಕೊನೆಯ ಗೆರೆ. ಒಂದೂವರೆ ಮೀಟರ್‌ನ ದಪ್ಪ ಕೇಬಲ್ ನೂರೈವತ್ತು ರೂಪಾಯಿಗೆ ಬಂತು. ರೋಗ ಹೋಯಿತು.

ಹಾಗಾಗಿ ಯಾರಾದರೂ ಫೋನ್ ಮಾಡಿ ಪ್ರಿಂಟ್ ಬರ್ತಿಲ್ಲ ಅಂದರೆ ನಾನು ಕೇಳುವುದು ಕೆಳಗಿನಿಂದ. ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣುತ್ತಾ? ಎಲ್‌ಪಿಇನ್ಫೋ ಮೈನಸ್ ವಿ ಕೊಟ್ಟರೆ ಕಪ್ಸ್‌ಗೆ ಕಾಣುತ್ತಾ? ಎಲ್‌ಪಿಸ್ಟ್ಯಾಟ್‌ನಲ್ಲಿ ಕ್ಯೂ ನಿಂತಿದೆಯಾ? ನಿಂತಿದ್ದರೆ ಕಪ್ಸ್‌ಎನೇಬಲ್ ಕೊಡಿ, ಬ್ರೌಸರ್‌ನಲ್ಲಿ 631 ಪೋರ್ಟ್ ತೆರೆದು ಎರರ್ ಪಾಲಿಸಿಯನ್ನು 'ಸ್ಟಾಪ್ ಪ್ರಿಂಟರ್'ನಿಂದ 'ರೀಟ್ರೈ'ಗೆ ಬದಲಿಸಿ. ಅಲ್ಲಿ 'ಫರ್ಬಿಡನ್' ಅಂದರೆ ನಿಮ್ಮ ಯೂಸರ್ ಎಲ್‌ಪಿಅಡ್ಮಿನ್ ಗುಂಪಿನಲ್ಲಿ ಇಲ್ಲ. ಇದೆಲ್ಲ ಬಿಟ್ಟು ಪ್ರಿಂಟರ್ ಡಿಲೀಟ್ ಮಾಡಿ ಮತ್ತೆ ಆಡ್ ಮಾಡಿ, ಮತ್ತೆ ಡಿಲೀಟ್ ಮಾಡಿ ಅಂತ ಕೂತರೆ ದಿನ ಕಳೆಯುತ್ತದೆ ಅಷ್ಟೇ.

ಆದರೂ ನಿಜವಾದ ಪರಿಹಾರ ಇದ್ಯಾವುದೂ ಅಲ್ಲ. ಪ್ರತಿ ಅಪ್‌ಡೇಟ್‌ಗೂ ಏನಾದರೊಂದು ಮುರಿಯುತ್ತಲೇ ಇತ್ತು. ಕೊನೆಗೆ ರಿಪೇರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಡ್ಯುಯಲ್ ಕೋರ್ ಡಬ್ಬ ತಂದೆ. ಎರಡು ಜಿಬಿ ರ‍್ಯಾಮ್, ಮಾನಿಟರ್ ಇಲ್ಲ, ಎರಡೂವರೆ ಸಾವಿರದ ಆಸುಪಾಸು ಕೊಟ್ಟೆ. ಅದಕ್ಕೆ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ 10ನೇ ಆವೃತ್ತಿ, 32 ಬಿಟ್‌ನದ್ದು ಹಾಕಿದೆ. 32 ಬಿಟ್ ಸಿಸ್ಟಂ ಆದ್ದರಿಂದ ಕ್ಯಾನನ್ ಡ್ರೈವರ್‌ಗೆ ಲೈಬ್ರರಿ ಹುಡುಕುವ ಗೋಳೇ ಇಲ್ಲ. ಹಳೇ ಬಿಡುಗಡೆ ಆದ್ದರಿಂದ ಪ್ಯಾಕೇಜ್‌ಗಳನ್ನು ಡೆಬಿಯನ್‌ನ ಆರ್ಕೈವ್‌ನಿಂದ ತಗೊಳ್ಳಬೇಕು, ಸೋರ್ಸಸ್ ಲಿಸ್ಟ್‌ನಲ್ಲಿ ವಿಳಾಸ ಬದಲಿಸಿಕೊಳ್ಳಿ. ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ರೇ ಇಲ್ಲ, ಹಾಗಾಗಿ ಹೊಸದು ಹುಡುಕಲು ಹೋಗಬೇಡಿ. 2900, 1020 ಎರಡನ್ನೂ ಈ ಡಬ್ಬಕ್ಕೆ ಚುಚ್ಚಿ, ಎಲ್ಲ ಸರಿ ಬಂದ ದಿನ ಅಪ್‌ಡೇಟ್ ಪೂರ್ತಿ ಬಂದ್ ಮಾಡಿದೆ. ಗೇಟ್‌ವೇ ತೆಗೆದೆ. ಇಂಟರ್ನೆಟ್ ಇಲ್ಲ, ಅಂಗಡಿಯ ಒಳಗಿನ ನೆಟ್‌ವರ್ಕ್ ಮಾತ್ರ. ಪ್ಲಗಿನ್, ಎಚ್‌ಪಿಲಿಪ್ ಎರಡೂ ಇದ್ದಲ್ಲೇ ಇವೆ, ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗಲ್ಲ.

ಮಿಂಟ್ ಸಿಸ್ಟಂಗಳಲ್ಲಿ ಈಗ ಈ ಎರಡಕ್ಕೂ ಕಂಪನಿಯ ಡ್ರೈವರ್ ಇಲ್ಲ. ಡಬ್ಬದ ಐಪಿಪಿ (ನೆಟ್‌ವರ್ಕ್ ಪ್ರಿಂಟಿಂಗ್) ವಿಳಾಸ ಕೊಟ್ಟು ಮಾಡೆಲ್ ಜಾಗದಲ್ಲಿ 'ಎವ್ರಿವೇರ್' ಅಂತ ಹಾಕಿದ್ದೇನೆ, ಮುಗಿಯಿತು. ಅವನ್ನು ಎಷ್ಟು ಬೇಕಾದರೂ ಅಪ್‌ಡೇಟ್ ಮಾಡಿಕೊಳ್ಳಲಿ. ಮುಂದೆ ಕಪ್ಸ್ 3 ಬಂದಾಗ ಹಳೇ ಪಿಪಿಡಿ ಡ್ರೈವರ್‌ಗಳಿಗೆ ಜಾಗ ಇರುವುದಿಲ್ಲ ಅಂತ ಕಪ್ಸ್ ನೋಡಿಕೊಳ್ಳುವ ಓಪನ್‌ಪ್ರಿಂಟಿಂಗ್‌ನವರೇ ಹೇಳಿದ್ದಾರೆ, ಆಗಲೂ ನನ್ನ ಡಬ್ಬ ಹೀಗೇ ಇರುತ್ತದೆ. ಪ್ರಿಂಟರ್ ತಾನಾಗಿ ಹುಡುಕುವ ಕಪ್ಸ್-ಬ್ರೌಸ್ಡ್ ಇದೆಯಲ್ಲ, ಅದನ್ನು ತೆಗೆದುಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಭದ್ರತಾ ದೋಷ ದೊಡ್ಡ ಸುದ್ದಿ ಆಗಿತ್ತು, ಗಿರಾಕಿಗಳಿಗೆ ವೈಫೈ ಕೊಡುವ ಅಂಗಡಿಯಲ್ಲಿ ಅದು ಯಾಕೆ ಬೇಕು? ಒಂದು ಕೊರತೆ ಹೇಳಲೇಬೇಕು, ಡಬ್ಬ ನಿಧಾನ. ಫೋಟೋ ತುಂಬಿದ ಪಿಡಿಎಫ್ ಕೊಟ್ಟರೆ ಮೊದಲ ಹಾಳೆಗೆ ಇಪ್ಪತ್ತು ಇಪ್ಪತ್ತೈದು ಸೆಕೆಂಡ್ ಯೋಚನೆ ಮಾಡುತ್ತದೆ. ಆಮೇಲೆ ಸರಾಗ. ಮತ್ತೆ, ಡಬ್ಬವನ್ನು ಯುಪಿಎಸ್‌ಗೆ ಹಾಕಿ, ಲೇಸರ್ ಪ್ರಿಂಟರ್ ಹಾಕಬೇಡಿ. ಟೋನರ್ ಕರಗಿಸುವ ಫ್ಯೂಸರ್ ಬಿಸಿ ಆಗುವಾಗ ಎಳೆಯುವ ಕರೆಂಟ್‌ಗೆ ಸಣ್ಣ ಯುಪಿಎಸ್ ಕಿರುಚುತ್ತದೆ.

ಕಾಗದದ ವಿಷಯ ಯಾರೂ ಬರೆಯಲ್ಲ, ನಾನು ಬರೆಯುತ್ತೇನೆ. ಮೊದಲನೆಯದು, ಎಲ್ಲೋ ಒಂದು ಕಡೆ ಡೀಫಾಲ್ಟ್ 'ಲೆಟರ್' ಅಂತ ಇರುತ್ತದೆ, ಪ್ರಿಂಟರ್ ಲೈಟ್ ಮಿಣುಕಿಸಿಕೊಂಡು ನಮ್ಮಲ್ಲಿ ಸಿಗದ ಹಾಳೆಗೆ ಕಾಯುತ್ತದೆ. ಡಬ್ಬದಲ್ಲೂ ಎ4 ಮಾಡಿ, ಪ್ರತಿ ಸಿಸ್ಟಂನಲ್ಲೂ ಎ4 ಮಾಡಿ. ಎರಡನೆಯದು ಅಫಿಡವಿಟ್ ಮಾಡುವವರಿಗೆ. ನಾವು ಲೀಗಲ್ ಅಂತ ಕರೆಯುವ ಹಾಳೆಯ ಬಂಡಲ್ ಮೇಲೆ ಏನಿದೆ ನೋಡಿ: 215 × 345 ಮಿ.ಮೀ. ಕಂಪ್ಯೂಟರ್‌ನ ಲೀಗಲ್ 215.9 × 355.6. ಉದ್ದದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ. ಕೆಳಗಿನ ಸಾಲು, ಸಹಿ ಮಾಡುವ ಜಾಗ, ಅದೇ ಹೋಗುತ್ತದೆ. ಕಸ್ಟಮ್ ಅಳತೆಯಲ್ಲಿ 215, 345 ಅಂತಲೇ ಹಾಕಿಟ್ಟುಕೊಳ್ಳಿ, 1020ರಲ್ಲಿ ಸರಿಯಾಗಿ ಬರುತ್ತದೆ. ಇ-ಸ್ಟ್ಯಾಂಪ್ ಕಾಗದದಲ್ಲಿ ಮೇಲಿನ ಛಾಪಾ ಬಿಟ್ಟು ಕೆಳಗೆ ಮ್ಯಾಟರ್ ಕೂರಿಸಲು ನಾನೊಂದು ಅಳತೆ ಮಾಡಿಟ್ಟಿದ್ದೇನೆ, ಒಂದು ಸಲವೂ ಮೇಲೆ ಹತ್ತಿಲ್ಲ. ಅದು ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಈಗಲೂ ದಿನಾ ಬರುತ್ತವೆ. ಟಿಟಿಎಫ್‌ಗಳನ್ನು ಫಾಂಟ್ ಫೋಲ್ಡರ್‌ಗೆ ಹಾಕಿ ಎಫ್‌ಸಿ-ಕ್ಯಾಶ್ ಕೊಟ್ಟರೆ ಲಿಬ್ರೆ ಆಫೀಸ್‌ನಲ್ಲಿ ಕಾಣುತ್ತವೆ, ಆದರೆ ಸಾಲು ಮುರಿಯುವ ಜಾಗ ಬದಲಾಗಿ ಮೂರು ಪುಟದ ಕರಾರು ನಾಲ್ಕು ಪುಟ ಆಗುತ್ತದೆ. ಪಿಡಿಎಫ್ ಕೊಡಿ ಅಂತ ಕೇಳುವುದೇ ಉತ್ತಮ. ಪಿಡಿಎಫ್‌ನಲ್ಲೂ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬಂದರೆ ಪಿಡಿಎಫ್‌ಫಾಂಟ್ಸ್ ಕೊಟ್ಟು ನೋಡಿ, 'ಇಎಂಬಿ' ಕಾಲಂನಲ್ಲಿ 'ನೋ' ಇದ್ದರೆ ಫಾಂಟ್ ಫೈಲ್ ಒಳಗೇ ಇಲ್ಲ. ಪ್ರಿಂಟರ್‌ನ ಬೈದು ಪ್ರಯೋಜನ ಇಲ್ಲ.

ಡಾಟ್ ಮ್ಯಾಟ್ರಿಕ್ಸ್ ನನ್ನ ಹುಚ್ಚು. ಅದಕ್ಕೆ ಪ್ಯಾರಲಲ್ ಪೋರ್ಟ್ ಮಾತ್ರ ಇದೆ. ನಾನೂರು ರೂಪಾಯಿಯ ಯುಎಸ್‌ಬಿ ಕನ್ವರ್ಟರ್ ತಂದೆ, ಅರ್ಧ ಬಿಲ್ ಹೊಡೆದು ನಿಲ್ಲುತ್ತಿತ್ತು. ಡಬ್ಬದ ಹಿಂದೆ ನೋಡಿದರೆ ಹಳೇ ಕಾಲದ 25 ಪಿನ್ ಪೋರ್ಟ್ ಇದ್ದೇ ಇದೆ! ಎಪ್ಸನ್ 9 ಪಿನ್ ಜೆನೆರಿಕ್ ಡ್ರೈವರ್ ಹಾಕಿದೆ, ಓಡಿತು. ಬರೀ ಇಂಗ್ಲಿಷ್ ಬಿಲ್ ಆದರೆ ಡ್ರೈವರೂ ಬೇಡ, ಟೆಕ್ಸ್ಟ್ ಫೈಲನ್ನು ನೇರ ಪೋರ್ಟ್‌ಗೆ ಕಳಿಸಿದರೆ ಟರ್ರ್ ಅಂತ ಹೊಡೆದು ಬಿಸಾಕುತ್ತದೆ. ಮೊದಲಿಗೆ ಎಸ್ಕೇಪ್ ಸಿ, ಸೊನ್ನೆ, 6 ಕಳಿಸಿದರೆ ಪುಟದ ಉದ್ದ ಆರು ಇಂಚು, ಅರ್ಧ ಸೈಜಿನ ಕಂಟಿನ್ಯುಯಸ್ ಹಾಳೆ ಸರಿಯಾಗಿ ಹರಿಯುವ ಜಾಗಕ್ಕೆ ಬಂದು ನಿಲ್ಲುತ್ತದೆ. ರೈತರ ಹೆಸರು ಕನ್ನಡದಲ್ಲಿ ಬರಬೇಕು ಅಂದರೆ ಗ್ರಾಫಿಕ್ಸ್ ಮೋಡ್, ಅದು ಎತ್ತಿನ ಗಾಡಿ. ನಾನು ಹೆಸರು ಮಾತ್ರ ಕನ್ನಡ, ಉಳಿದದ್ದು ಟೆಕ್ಸ್ಟ್ ವೇಗದಲ್ಲಿ ಬರುವ ಹಾಗೆ ಮಾಡಿದ್ದೇನೆ. ಹೇಗೆ ಅಂತ ಮಂಡಿಯ ಇಬ್ಬರು ಕೇಳಿದ್ದಾರೆ, ಅವರಿಗೂ ಹೇಳಿಲ್ಲ.

ಕಾಲೇಜು ಹುಡುಗರು ಮೊಬೈಲಿನಿಂದ ನೇರ ಪ್ರಿಂಟ್ ಕೊಡುವ ಹಾಗೆ ಪ್ರಿಂಟರ್ ಇದೆ ಅಂತ ನೆಟ್‌ವರ್ಕ್‌ನಲ್ಲಿ ಸಾರುವ ಅವಾಹಿ ಹಾಕಿ ನೋಡಿದೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ರಿಂಟರ್ ತಾನಾಗಿ ಕಾಣಿಸಿಕೊಂಡಿತು, ಖುಷಿ ಆಯಿತು. ಒಬ್ಬ ಪುಣ್ಯಾತ್ಮ ಇಡೀ ನೋಟ್ಸ್ ಕೊಟ್ಟು ಬೆಣ್ಣೆ ದೋಸೆ ತಿನ್ನಲು ಹೋದವನು ಬರಲೇ ಇಲ್ಲ. ಅವಾಹಿ ಬಂದ್.

ಒಟ್ಟು ಖರ್ಚು? ಡಬ್ಬ, ಎಸ್‌ಎಸ್‌ಡಿಗಳು, ಕೇಬಲ್, ದಂಡವಾದ ಕನ್ವರ್ಟರ್ ಸೇರಿ ಏಳೆಂಟು ಸಾವಿರ ದಾಟಿಲ್ಲ. ಎರಡೂ ಲೇಸರ್‌ಗೆ ಟೋನರ್ ಮೊದಲಿನ ಹಾಗೇ, 2900ರ 303 ಆಗಲಿ 1020ರ 12ಎ ಆಗಲಿ ತುಂಬಿಸಲು ಇನ್ನೂರೈವತ್ತು ಮುನ್ನೂರು. ಗುಜರಿ ಅಂದ ಗೆಳೆಯ ಮೊನ್ನೆ ತನ್ನ 2900 ಹಿಡಿದುಕೊಂಡು ಬಂದಿದ್ದ. ಅವನಿಗೂ ಒಂದು ಡಬ್ಬ ಕೂರಿಸಿಕೊಟ್ಟೆ, ಐನೂರು ತಗೊಂಡೆ. ಸ್ನೇಹ ಬೇರೆ, ಕೆಲಸ ಬೇರೆ.

ಒಂದು ವಿಂಡೋಸ್ ಸಿಸ್ಟಂ ಮಾತ್ರ ಇನ್ನೂ ಮೂಲೆಯಲ್ಲಿ ಇದೆ, ಬೆರಳಿನ ಗುರುತು ತಗೊಳ್ಳುವ ಯಂತ್ರಕ್ಕೆ. ಅದನ್ನು ಯಾರಾದರೂ ಮಿಂಟ್‌ನಲ್ಲಿ ನಡೆಸಿದ್ದರೆ ಹೇಳಿ. ಬದಲಿಗೆ ಇ-ಸ್ಟ್ಯಾಂಪ್ ಅಳತೆ ಕೊಡುತ್ತೇನೆ.