ಪಹಣಿಯ ಚುಕ್ಕಿ, ಐಪಿ ವಿಳಾಸದ ಚುಕ್ಕಿ

ಸಕಲೇಶಪುರದ ಕಡೆ ತೋಟ ಕೊಳ್ಳಲು ಬಂದ ಪೇಟೆಯವರು ಪಹಣಿಯಲ್ಲಿ ‘2.20’ ಅಂತ ಇರುವುದನ್ನು ‘ಎರಡು ಪಾಯಿಂಟ್ ಎರಡು ಎಕರೆ’ ಎಂದು ಓದಿದರೆ ಪಕ್ಕದಲ್ಲಿ ನಿಂತ ತೋಟದ ರೈಟರು ಮೀಸೆಯಡಿ ನಗುತ್ತಾರೆ. ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, ದೊಡ್ಡ ಅಳತೆ ಮುಗಿದು ಚಿಕ್ಕ ಅಳತೆ ಶುರುವಾಯಿತು ಎಂದು ಹೇಳುವ ಗುರುತು.

ಜಾಲದಲ್ಲಿರುವ ಒಂದೊಂದು ಯಂತ್ರಕ್ಕೂ ಕೊಡುವ, 192.168.1.10 ಎಂಬಂಥ ಐಪಿ ವಿಳಾಸದಲ್ಲಿರುವುದೂ ಇದೇ ಜಾತಿಯ ಚುಕ್ಕಿ. ಇಷ್ಟು ತಲೆಗೆ ಹತ್ತಿದರೆ ಪ್ರೋಗ್ರಾಮಿನಲ್ಲಿ ವಿಳಾಸವನ್ನು ಸಂಖ್ಯೆ ಮಾಡುವ ಕೆಲಸ ಅರ್ಧ ಮುಗಿದಂತೆ. ಹಾಸನದಲ್ಲಿ ಕೋಡಿಂಗ್ ಕಲಿಯಲು ನನ್ನ ಹತ್ತಿರ ಬರುವ ಹುಡುಗರಿಗೆ ನಾನು ಮೊದಲು ಕೊಡುವುದೂ ಪಹಣಿಯ ಲೆಕ್ಕವನ್ನೇ.

ಸಂಖ್ಯೆ ಮಾಡುವ ಉಸಾಬರಿ ಯಾಕೆ?

ಹೆತ್ತೂರು ಕಡೆಯ ಒಂದು ತೋಟದಲ್ಲಿ ಬ್ಲಾಕ್‌ಗೊಂದರಂತೆ ಹನ್ನೊಂದು ಮಳೆಮಾಪಕಗಳಿವೆ. ಎಲ್ಲವೂ ವೈಫೈ ಮೂಲಕ ಬಂಗಲೆಯ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಯಾವ ಬ್ಲಾಕಿಗೆ ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಮಳೆ ಬಂತು ಎಂದು ತಿಳಿಯುವುದು ಪ್ಲಾಂಟರುಗಳಿಗೆ ಜೀವದ ಪ್ರಶ್ನೆ. ಪಟ್ಟಿಯನ್ನು ವಿಳಾಸದ ಕ್ರಮದಲ್ಲಿ ಜೋಡಿಸಿ ಎಂದರೆ ಕಂಪ್ಯೂಟರು 192.168.1.10 ಅನ್ನು 192.168.1.9ಕ್ಕಿಂತ ಮೊದಲು ಕೂರಿಸಿತು. ಅದರ ತಪ್ಪೇನಿಲ್ಲ. ಪಠ್ಯವಾಗಿ ಕೊಟ್ಟಿದ್ದೆವು, ಅಕ್ಷರ ಅಕ್ಷರ ಹೋಲಿಸಿತು. ‘9’ರ ಮುಂದೆ ‘1’ ಚಿಕ್ಕದು. ಜೋಡಿಸುವುದಿರಲಿ, ‘ಈ ವಿಳಾಸ ನಮ್ಮ ಜಾಲದ ಒಳಗಿನದೋ ಹೊರಗಿನದೋ’ ಎಂದು ನೋಡುವುದಿರಲಿ, ಎರಡು ವಿಳಾಸಗಳು ಒಂದೇನಾ ಎಂದು ಕೇಳುವುದಿರಲಿ, ಪಠ್ಯ ಇಟ್ಟುಕೊಂಡು ಏಗುವುದು ಕಷ್ಟ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಜಾಲತಾಣದ ಹೆಸರಿನಿಂದ ವಿಳಾಸ ಪಡೆಯುವುದು ಬೇರೆ ಕೆಲಸ. ಅದಕ್ಕೆ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಕೇಳಬೇಕು, ನೆಟ್‌ವರ್ಕ್ ಬೇಕು, ಉತ್ತರ ಬರದೆಯೂ ಇರಬಹುದು. ಇಲ್ಲಿ ನಾವು ಮಾಡುತ್ತಿರುವುದು ಯಾರನ್ನೂ ಕೇಳದೆ ಕೂತಲ್ಲೇ ಮಾಡುವ ಗುಣಾಕಾರ.

ಮೊದಲು ಕೈಲೆಕ್ಕ

ಪಹಣಿಯಲ್ಲಿ 2.15.08 ಎಂದಿದೆ ಅನ್ನಿ: ಎರಡು ಎಕರೆ, 15 ಗುಂಟೆ, 8 ಆಣೆ. ಗುಂಟೆಗೆ 16 ಆಣೆ. ಎಲ್ಲವನ್ನೂ ಆಣೆಗೆ ಇಳಿಸಿ. 2ನ್ನು 40ರಿಂದ ಗುಣಿಸಿ 15 ಕೂಡಿಸಿದರೆ 95 ಗುಂಟೆ. 95ನ್ನು 16ರಿಂದ ಗುಣಿಸಿ 8 ಕೂಡಿಸಿದರೆ 1528 ಆಣೆ. ಈಗ ಇದು ಒಂದೇ ಸಂಖ್ಯೆ. ಯಾವ ಹಿಡುವಳಿ ದೊಡ್ಡದು ಎಂದು ನೋಡುವುದಕ್ಕೆ ಚುಕ್ಕಿ ಎಣಿಸಬೇಕಿಲ್ಲ.

ಐಪಿ ವಿಳಾಸದಲ್ಲಿ ಲೆಕ್ಕ ಇನ್ನೂ ಸಲೀಸು. 40, 16 ಎಂದು ಬದಲಾಗುವುದಿಲ್ಲ, ಪ್ರತಿ ಮೆಟ್ಟಿಲಲ್ಲೂ 256. ಪ್ರತಿ ಭಾಗ 8 ಬಿಟ್ (ಬಿಟ್ ಎಂದರೆ 0 ಅಥವಾ 1 ಮಾತ್ರ ಹಿಡಿಸುವ ಮನೆ), ನಾಲ್ಕು ಭಾಗ ಸೇರಿ 32 ಬಿಟ್. 1981ರ ಸೆಪ್ಟೆಂಬರಿನಲ್ಲಿ ಹೊರಬಂದ ಆರ್‌ಎಫ್‌ಸಿ 791 ಎಂಬ ದಾಖಲೆ ಗೊತ್ತುಮಾಡಿದ ಅಳತೆ ಇದು. 192.168.1.10 ಹಿಡಿದುಕೊಳ್ಳಿ:

192 × 256 + 168 = 49320
49320 × 256 + 1 = 12625921
12625921 × 256 + 10 = 3232235786

ಮುಗಿಯಿತು, ಅದೇ ಸಂಖ್ಯೆ. ನಂಬಿಕೆ ಬರದಿದ್ದರೆ ಒಂದು ಆಟ ಆಡಿ. ನಿಮ್ಮ ಮನೆಯ ರೌಟರಿನ ವಿಳಾಸ 192.168.1.1 ಆಗಿದ್ದರೆ ಬ್ರೌಸರಿನಲ್ಲಿ ‘ಎಚ್‌ಟಿಟಿಪಿ’, ಕೋಲನ್, ಎರಡು ಓರೆಗೆರೆ ಹಾಕಿ ಮುಂದೆ 3232235777 ಎಂದು ಹೊಡೆಯಿರಿ. ಚುಕ್ಕಿಯೇ ಇಲ್ಲದೆ ರೌಟರಿನ ಬಾಗಿಲು ತೆರೆಯುತ್ತದೆ. ನನ್ನ ಹುಡುಗರು ಇದನ್ನು ನೋಡಿದ ದಿನ ಉಳಿದ ಪಾಠ ನಡೆಯುವುದಿಲ್ಲ.

ಪ್ರೋಗ್ರಾಮಿನಲ್ಲಿ ಹೀಗೆ ಹೋಗಿ: ಮೊತ್ತ ಸೊನ್ನೆಯಿಂದ ಶುರು. ಪಠ್ಯವನ್ನು ಚುಕ್ಕಿಯಲ್ಲಿ ಸೀಳಿ. ಎಡದಿಂದ ಒಂದೊಂದೇ ಭಾಗ ಎತ್ತಿಕೊಂಡು, ಮೊತ್ತವನ್ನು 256ರಿಂದ ಗುಣಿಸಿ, ಭಾಗವನ್ನು ಕೂಡಿಸುತ್ತಾ ಹೋಗಿ. ನಾಲ್ಕು ಸುತ್ತಿಗೆ ಉತ್ತರ ಸಿಕ್ಕಿತು. ಐದಾರು ಸಾಲಿನ ಕೋಡು.

ಬಾಗಿಲಲ್ಲೇ ತಡೆಯಬೇಕಾದವು

ಗುಣಿಸುವುದು ಸುಲಭ, ಬಂದ ಪಠ್ಯ ನಿಜಕ್ಕೂ ವಿಳಾಸವೇ ಎಂದು ನೋಡುವುದೇ ಕೆಲಸ. ಕಾಫಿ ಮಾರುವಾಗ ತೂಕಕ್ಕಿಂತ ಮೊದಲು ತೇವ ನೋಡುವುದಿಲ್ಲವೇ, ಹಾಗೆ.

ಸೀಳಿದ ಮೇಲೆ ಭಾಗಗಳು ಸರಿಯಾಗಿ ನಾಲ್ಕಿರಬೇಕು. ಯಾವುದೂ ಖಾಲಿ ಇರಬಾರದು, 255 ದಾಟಬಾರದು. ಅಂಕಿ ಬಿಟ್ಟು ಬೇರೇನೂ ಇರಬಾರದು. ಕೂಡು, ಕಳೆ ಚಿಹ್ನೆಗಳೂ ಬೇಡ, ಹಿಂದೆ ಮುಂದೆ ಖಾಲಿ ಜಾಗವೂ ಬೇಡ. ಕಡತದಿಂದ ಓದಿದ ಸಾಲಿನ ಬಾಲದಲ್ಲಿ ಕಣ್ಣಿಗೆ ಕಾಣದ ‘ಹೊಸ ಸಾಲು’ ಅಕ್ಷರ ಅಂಟಿಕೊಂಡಿರುತ್ತದೆ, ಅದನ್ನು ಮೊದಲೇ ಕತ್ತರಿಸಿ.

‘ಅಂಕಿ’ ಎಂದೆ. ಇಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ಹೊಂಡವಿದೆ. ಪೈಥಾನ್ ಭಾಷೆಯಲ್ಲಿ ‘ಇದು ಅಂಕಿಯೇ?’ ಎಂದು ಕೇಳುವ ‘ಈಸ್‌ಡಿಜಿಟ್’, ‘೧೯೨’ ಕೊಟ್ಟರೂ ಹೌದು ಎನ್ನುತ್ತದೆ. ಸಂಖ್ಯೆ ಮಾಡುವ ‘ಇಂಟ್’ ಕೂಡ ಅದನ್ನು ಸಲೀಸಾಗಿ 192 ಮಾಡಿಕೊಡುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಅಂಕಿಗಳೂ ಅಂಕಿಗಳೇ ತಾನೆ! ಅಭಿಮಾನ ಪಡಬೇಕಾದ್ದೇ. ಆದರೆ ನೀವು ಬರೆದ ಪ್ರೋಗ್ರಾಮು ೧೯೨.೧೬೮.೧.೧೦ ಅನ್ನು ಒಪ್ಪಿ, ಆಚೆ ಕಡೆಯ ಪ್ರೋಗ್ರಾಮು ಒಪ್ಪದಿದ್ದರೆ ಜಗಳ ಶುರು. ಅದಕ್ಕೇ ‘ಈಸ್‌ಆಸ್ಕಿ’ ಎಂಬ, ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳಷ್ಟೇ ಇವೆಯೇ ಎಂದು ನೋಡುವ ಇನ್ನೊಂದು ತಪಾಸಣೆಯನ್ನೂ ಜೊತೆಗೆ ಹಾಕಬೇಕು.

ಇನ್ನು ಸಂಖ್ಯೆಯ ಆರಂಭದಲ್ಲಿ ಬರುವ ಸೊನ್ನೆ. ಪಹಣಿಯಲ್ಲಿ 08 ಆಣೆ ಎಂದರೂ 8 ಎಂದರೂ ಒಂದೇ. ಐಪಿ ವಿಳಾಸದಲ್ಲಿ ಹಾಗಲ್ಲ. ಸಿ ಭಾಷೆಯ ಹಳೆಯ ಸಂಪ್ರದಾಯದಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಅಷ್ಟಮಾನ ಪದ್ಧತಿಯದು. 010 ಎಂದರೆ ಹತ್ತಲ್ಲ, ಎಂಟು. ಹಾಗಾಗಿ 010.0.0.1 ಅನ್ನು ಒಂದು ಪ್ರೋಗ್ರಾಮು 10.0.0.1 ಎಂದು ಓದಿ ‘ಮನೆಯೊಳಗಿನ ವಿಳಾಸ, ಬಿಡಿ’ ಎನ್ನುತ್ತದೆ. ಇನ್ನೊಂದು 8.0.0.1 ಎಂದು ಓದಿ ಹೊರಗಿನ ಲೋಕಕ್ಕೆ ಹೋಗುತ್ತದೆ. ಕಾವಲುಗಾರ ಒಂದು ಹೆಸರು ಕೇಳಿಸಿಕೊಂಡು, ಒಳಗಿನವನು ಇನ್ನೊಂದು ಕೇಳಿಸಿಕೊಂಡರೆ ಕಳ್ಳನಿಗೆ ಅಷ್ಟೇ ಸಾಕು. ಪೈಥಾನಿನ ‘ಐಪಿಅಡ್ರೆಸ್’ ಮಾಡ್ಯೂಲ್‌ನಲ್ಲೇ ಈ ಸಡಿಲ ಇತ್ತು. 2021ರಲ್ಲಿ ಬಂದ 3.9.5 ಆವೃತ್ತಿಯಿಂದ ಆರಂಭದ ಸೊನ್ನೆ ಕಂಡರೆ ಅದು ವಿಳಾಸವನ್ನೇ ತಿರಸ್ಕರಿಸುತ್ತದೆ. ನೀವೂ ತಿರಸ್ಕರಿಸಿ. ಒಂಟಿ ‘0’ ಮಾತ್ರ ಸರಿ.

ನನ್ನ ಎಡವಟ್ಟು

ಮಳೆಮಾಪಕದ ಪ್ರೋಗ್ರಾಮಿಗೇ ಬರುತ್ತೇನೆ. ಲೆಕ್ಕ ಸರಿ ಮಾಡಿ, ಸಂಖ್ಯೆಗಳನ್ನು ಮೈಎಸ್‌ಕ್ಯುಎಲ್ ಡೇಟಾಬೇಸಿಗೆ ತುಂಬಿದೆ. ಮಾರನೆಯ ಬೆಳಿಗ್ಗೆ ತೆಗೆದು ನೋಡಿದರೆ ಹನ್ನೊಂದು ಮಾಪಕಗಳಿಗೂ ಒಂದೇ ಸಂಖ್ಯೆ: 2147483647. ತಿರುಗಿಸಿ ವಿಳಾಸ ಮಾಡಿದರೆ ಎಲ್ಲವೂ 127.255.255.255. ರಾತ್ರಿ ಬಿದ್ದ ಮಳೆಯೆಲ್ಲ ಒಂದೇ ಬ್ಲಾಕಿಗೆ ಬಿದ್ದ ಹಾಗೆ! ಸೆನ್ಸರುಗಳನ್ನು ಬೈದೆ, ವೈಫೈಯನ್ನು ಬೈದೆ, ಜಿಗಣೆ ಕಚ್ಚಿಸಿಕೊಂಡು ಎರಡು ಬ್ಲಾಕು ಸುತ್ತಿ ಬಂದೆ.

ತಪ್ಪು ನನ್ನದೇ. ಕಾಲಮ್ಮನ್ನು ಬರೀ ‘ಇಂಟ್’ ಎಂದು ಮಾಡಿದ್ದೆ. ಅದು ಋಣ ಸಂಖ್ಯೆಗಳಿಗೂ ಅರ್ಧ ಜಾಗ ಬಿಟ್ಟುಕೊಡುತ್ತದೆ, ಹಾಗಾಗಿ ಮೇಲಿನ ಮಿತಿ 2147483647. ಮೊದಲ ಭಾಗ 128 ಅಥವಾ ಅದಕ್ಕಿಂತ ಹೆಚ್ಚಿರುವ ಯಾವ ವಿಳಾಸವೂ ಅದಕ್ಕಿಂತ ದೊಡ್ಡದೇ. ಡೇಟಾಬೇಸಿನ ಕಟ್ಟುನಿಟ್ಟಿನ ಮೋಡ್ ಆಫ್ ಆಗಿದ್ದರಿಂದ ಅದು ತಕರಾರು ಮಾಡದೆ, ಹಿಡಿಸದ್ದನ್ನೆಲ್ಲ ಮಿತಿಗೆ ಕತ್ತರಿಸಿ ಇಟ್ಟುಕೊಂಡಿತ್ತು. ಕೊಳಗ ತುಂಬಿದ ಮೇಲೆ ಗೀಟಿ ಚೆಲ್ಲುವ ಹಾಗೆ. ಕಾಲಮ್ಮನ್ನು ‘ಅನ್‌ಸೈನ್ಡ್ ಇಂಟ್’ (ಋಣ ಸಂಖ್ಯೆಗೆ ಜಾಗವಿಲ್ಲದ್ದು) ಮಾಡಿದ ಕೂಡಲೇ ಮುಂದಿನ ಲೆಕ್ಕವೆಲ್ಲ ಸರಿಹೋಯಿತು. ಆ ಒಂದು ರಾತ್ರಿಯದ್ದು ಹೋದದ್ದು ಹೋಯಿತು.

ಜಾವಾಸ್ಕ್ರಿಪ್ಟಿನಲ್ಲೂ ಇದೇ ಹೊಂಡ ಬೇರೆ ರೂಪದಲ್ಲಿದೆ. 256ರಿಂದ ಗುಣಿಸುವ ಬದಲು ಜಾಣತನಕ್ಕೆ ಬಿಟ್ ಸರಿಸುವ ಚಿಹ್ನೆ ಬಳಸಿ 192ನ್ನು 24 ಮನೆ ಎಡಕ್ಕೆ ತಳ್ಳಿದರೆ ಉತ್ತರ ಮೈನಸ್ 1073741824. ಬಿಟ್ ಕೆಲಸಗಳನ್ನು ಆ ಭಾಷೆ ಚಿಹ್ನೆ ಸಹಿತ 32 ಬಿಟ್‌ನಲ್ಲಿ ಮಾಡುವುದೇ ಕಾರಣ. ಗುಣಾಕಾರಕ್ಕೇ ಅಂಟಿಕೊಂಡರೆ ಕ್ಷೇಮ.

ಎಡದಿಂದಲೋ ಬಲದಿಂದಲೋ

ಹಾಸನ ಜಿಲ್ಲೆಯವರಿಗೆ ಶಾಸನಗಳು ಹೊಸತಲ್ಲ. ಹಲ್ಮಿಡಿ, ಶ್ರವಣಬೆಳಗೊಳ ಎರಡೂ ನಮ್ಮಲ್ಲೇ. ಶಾಸನಗಳಲ್ಲೂ ಕಾವ್ಯಗಳಲ್ಲೂ ಇಸವಿಯನ್ನು ಕೆಲವೊಮ್ಮೆ ಪದಗಳಲ್ಲಿ ಹೇಳುತ್ತಿದ್ದರು: ಚಂದ್ರ ಎಂದರೆ 1, ನೇತ್ರ 2, ಅಗ್ನಿ 3. ಆದರೆ ‘ನೇತ್ರ-ಅಗ್ನಿ-ಚಂದ್ರ’ ಎಂದರೆ 231 ಅಲ್ಲ, 132. ‘ಅಂಕಾನಾಂ ವಾಮತೋ ಗತಿಃ’, ಅಂಕಿಗಳ ನಡೆ ಎಡಕ್ಕೆ, ಮೊದಲು ಹೇಳಿದ್ದು ಬಿಡಿಸ್ಥಾನ. ನಮ್ಮ ಮೇಜಿನ ಮೇಲಿರುವ ಇಂಟೆಲ್ ಕಂಪ್ಯೂಟರುಗಳೂ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವುದು ಹೀಗೇ, ಬಿಡಿಸ್ಥಾನದ ಬೈಟ್ (8 ಬಿಟ್‌ನ ತುಂಡು) ಮೊದಲು. ಇದು ‘ಲಿಟಲ್ ಎಂಡಿಯನ್’. ನೆಟ್‌ವರ್ಕಿನ ಸಂಪ್ರದಾಯ ಉಲ್ಟಾ, ದೊಡ್ಡದು ಮೊದಲು, ‘ಬಿಗ್ ಎಂಡಿಯನ್’.

ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳು ಕೊಡುವುದು ನೆಟ್‌ವರ್ಕ್ ಕ್ರಮದ ಬೈಟ್‌ಗಳನ್ನು. ಅದನ್ನು ಇಂಟೆಲ್ ಯಂತ್ರದಲ್ಲಿ ಹಾಗೇ ಸಂಖ್ಯೆಯಾಗಿ ಮುದ್ರಿಸಿದರೆ 192.168.1.10ಕ್ಕೆ 3232235786ರ ಬದಲು 167880896 ಬರುತ್ತದೆ. ಅದು 10.1.168.192ರ ಸಂಖ್ಯೆ. ಹೀಗೆ ಬೆನ್ನುತಿರುಗಿದ ವಿಳಾಸ ಕಂಡರೆ ಬೇರೆ ಕಡೆ ಹುಡುಕಬೇಡಿ, ‘ಎನ್-ಟು-ಎಚ್-ಎಲ್’ ಎಂಬ ಫಂಕ್ಷನ್ ಮೂಲಕ ಹಾಯಿಸಿ. ನೆಟ್‌ವರ್ಕಿನಿಂದ ಹೋಸ್ಟಿಗೆ ಎಂಬುದರ ಮೊದಲಕ್ಷರಗಳವು.

ಸಿದ್ಧ ಫಂಕ್ಷನ್‌ಗಳಲ್ಲಿ ಯಾವುದು?

ಕೈಲೆಕ್ಕ ಕಲಿಯುವುದು ಅರ್ಥವಾಗಲಿ ಎಂದು. ನಿಜವಾದ ಕೆಲಸಕ್ಕೆ ಭಾಷೆಯೊಂದಿಗೆ ಬರುವ ಫಂಕ್ಷನ್ ಬಳಸಿ. ಸಿ ಭಾಷೆಯಲ್ಲಿ ಮುಖ್ಯವಾಗಿ ಮೂರಿವೆ, ಮೂರಕ್ಕೂ ‘ಐನೆಟ್’ ಎಂಬ ಮನೆತನದ ಹೆಸರು.

‘ಐನೆಟ್ ಆಡರ್’ ಎಲ್ಲಕ್ಕಿಂತ ಹಳೆಯದು. ತಪ್ಪು ವಿಳಾಸ ಕೊಟ್ಟರೆ ಮೈನಸ್ 1 ಕೊಡುತ್ತದೆ. 32 ಬಿಟ್‌ನಲ್ಲಿ ಮೈನಸ್ 1 ಎಂದರೆ ಎಲ್ಲ ಬಿಟ್‌ಗಳೂ 1, ಅಂದರೆ 255.255.255.255. ಅದೂ ಒಂದು ಸರಿಯಾದ ವಿಳಾಸವೇ! ತಪ್ಪಾಯಿತೋ ಸರಿಯಾಯಿತೋ ತಿಳಿಯುವ ದಾರಿಯೇ ಇಲ್ಲ. ಬಿಟ್ಟುಬಿಡಿ.

‘ಐನೆಟ್ ಎಟಾನ್’ ಆ ತೊಂದರೆ ನೀಗಿಸಿತು, ಆದರೆ ಅದು ತೀರಾ ಉದಾರಿ. 127.1 ಕೊಟ್ಟರೆ 127.0.0.1 ಎಂದುಕೊಳ್ಳುತ್ತದೆ, ಅಷ್ಟಮಾನವನ್ನೂ ಒಪ್ಪುತ್ತದೆ. ಹೊರಗಿನವರು ಟೈಪ್ ಮಾಡಿದ್ದನ್ನು ಇದರ ಕೈಗೆ ಕೊಡಬೇಡಿ.

‘ಐನೆಟ್ ಪಿಟಾನ್’ ಕಟ್ಟುನಿಟ್ಟಿನದು. ನಾಲ್ಕು ಭಾಗ ಇಲ್ಲದಿದ್ದರೆ ಇಲ್ಲ ಎನ್ನುತ್ತದೆ, ಲಿನಕ್ಸಿನಲ್ಲಿ ಆರಂಭದ ಸೊನ್ನೆಯನ್ನೂ ಸಹಿಸುವುದಿಲ್ಲ, ಹೊಸ ಐಪಿವಿ6 ವಿಳಾಸವನ್ನೂ ಓದುತ್ತದೆ. ಯಶಸ್ಸಿಗೆ 1, ಪಠ್ಯ ತಪ್ಪಿದ್ದರೆ 0, ವಿಳಾಸದ ಜಾತಿಯೇ ತಿಳಿಯದಿದ್ದರೆ ಮೈನಸ್ 1. ‘ಸೊನ್ನೆ ಅಲ್ಲದಿದ್ದರೆ ಸರಿ’ ಎಂದು ಬರೆದರೆ ಮೈನಸ್ 1 ಕೂಡ ಸರಿ ಎಂದಾಗಿಬಿಡುತ್ತದೆ, ಅದಕ್ಕೇ 1ಕ್ಕೇ ಹೋಲಿಸಿ.

ಪೈಥಾನಿನವರಿಗೆ ಚಿಂತೆ ಕಡಿಮೆ. ‘ಐಪಿಅಡ್ರೆಸ್’ ಮಾಡ್ಯೂಲಿನ ‘ಐಪಿ ಅಡ್ರೆಸ್’ ಫಂಕ್ಷನ್ನಿಗೆ ಪಠ್ಯ ಕೊಟ್ಟು, ಬಂದದ್ದನ್ನು ‘ಇಂಟ್’ ಒಳಗೆ ಹಾಕಿದರೆ ಸಂಖ್ಯೆ ಸಿಗುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ‘ಐನೆಟ್ ಎಟಾನ್’ ಹೆಸರಿನದೇ ಫಂಕ್ಷನ್ ಇದೆ.

ಸಂಖ್ಯೆ ಸಿಕ್ಕ ಮೇಲೆ ‘ಒಳಗಿನವನೋ ಹೊರಗಿನವನೋ’ ಪ್ರಶ್ನೆ ಎರಡು ಹೋಲಿಕೆಯಷ್ಟೇ. ತೋಟದ ಜಾಲ 192.168.1.0/24 ಎಂದರೆ ಮೊದಲ 24 ಬಿಟ್ ಗಟ್ಟಿ, ಉಳಿದ 8 ಬಿಟ್‌ನಲ್ಲಿ 256 ವಿಳಾಸಗಳು: 3232235776ರಿಂದ 3232236031ರವರೆಗೆ. ಇದರೊಳಗೆ ಬಿದ್ದರೆ ನಮ್ಮವನು.

ಐಪಿವಿ6 ಬಂದಾಗ

ನಿಮ್ಮ ಮೊಬೈಲಿಗೆ ಈಗ ಸಿಗುತ್ತಿರುವುದು ಹೆಚ್ಚಾಗಿ ಈ ಹೊಸ ವಿಳಾಸವೇ. 128 ಬಿಟ್, ಚುಕ್ಕಿಯ ಬದಲು ಕೋಲನ್, ಹದಿನಾರರ ಪದ್ಧತಿ, ಎಂಟು ಗುಂಪು. ಗುಣಿಸುವುದು 256ರಿಂದಲ್ಲ, 65536ರಿಂದ. ತತ್ವ ಅದೇ. ಕಿರಿಕಿರಿ ಏನೆಂದರೆ ಸಾಲು ಸೊನ್ನೆಗಳ ಜಾಗದಲ್ಲಿ ಎರಡು ಕೋಲನ್ ಹಾಕಿ ಚಿಕ್ಕದು ಮಾಡಬಹುದು, ಒಂದು ವಿಳಾಸದಲ್ಲಿ ಒಂದೇ ಸಲ. 2001:ಡಿಬಿ8::1 ಮತ್ತು 2001:0ಡಿಬಿ8:0:0:0:0:0:1 ಎರಡೂ ಒಂದೇ ವಿಳಾಸ. ಪಠ್ಯ ಹೋಲಿಸಿದರೆ ಬೇರೆ ಬೇರೆ, ಸಂಖ್ಯೆ ಮಾಡಿದರೆ ಒಂದೇ. ಇದನ್ನು ಸ್ವಂತ ಕೋಡಿನಲ್ಲಿ ಬಿಡಿಸಲು ಹೋಗಬೇಡಿ, ಎರಡು ದಿನ ಹೋಗುತ್ತದೆ.

ಸಂಖ್ಯೆ 39 ಅಂಕಿಯವರೆಗೆ ಬೆಳೆಯಬಲ್ಲದು. ಪೈಥಾನ್ ಇದಕ್ಕೆಲ್ಲ ಹೆದರುವುದಿಲ್ಲ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991 ದಾಟಿದರೆ ನಿಖರತೆ ಕಳೆದುಕೊಳ್ಳುತ್ತದೆ, ಅಲ್ಲಿ ‘ಬಿಗ್‌ಇಂಟ್’ ಬೇಕು. ಮೈಎಸ್‌ಕ್ಯುಎಲ್‌ನಲ್ಲಿ ‘ಇಂಟ್’ ಜಾತಿಯ ಕಾಲಮ್ ಸಾಲದು, 16 ಬೈಟ್‌ನ ‘ವಾರ್‌ಬೈನರಿ’ ಮಾಡಿ.

ಬರೆದದ್ದನ್ನು ಪರೀಕ್ಷಿಸಲು ಇವನ್ನು ಉಣ್ಣಿಸಿ ನೋಡಿ. 0.0.0.0ಕ್ಕೆ 0 ಬರಬೇಕು, 127.0.0.1ಕ್ಕೆ 2130706433, 255.255.255.255ಕ್ಕೆ 4294967295. 256.1.1.1, 1.2.3, 1..2.3, 192.168.1.010, ಕೊನೆಯಲ್ಲಿ ಖಾಲಿ ಜಾಗವಿರುವ ವಿಳಾಸ, ಕನ್ನಡ ಅಂಕಿಯ ವಿಳಾಸ ಇವೆಲ್ಲಕ್ಕೂ ‘ತಪ್ಪು’ ಎನ್ನಬೇಕು. ಕೊನೆಗೆ 192.168.1.9 ಮತ್ತು 192.168.1.10 ಕೊಟ್ಟು ಜೋಡಿಸಲು ಹೇಳಿ, ಒಂಬತ್ತು ಮೊದಲು ಬರುತ್ತದೋ ನೋಡಿ.