ಅಪ್ಪಯ್ಯನ ಅಂಬಾಸಡರ್‌ನ ಟ್ಯಾಂಕ್ ತೊಳೆದ ಕಥೆ

ಅಪ್ಪಯ್ಯನ 1987ರ ಮಾರ್ಕ್ 4 ಅಂಬಾಸಡರ್ ತೀರ್ಥಹಳ್ಳಿಯ ಮನೆಯಲ್ಲಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ಒಂಬತ್ತು ಮಳೆಗಾಲ ನಿಂತೇ ಕಳೆದಿತ್ತು. ಹೊಸ ಬ್ಯಾಟರಿ ಹಾಕಿ, ಕಾರ್ಬುರೇಟರ್ ಬಿಚ್ಚಿ ತೊಳೆದು, ಐದು ಲೀಟರ್ ಪೆಟ್ರೋಲ್ ಸುರಿದಾಗ ಎಂಜಿನ್ ಎರಡನೆಯ ಸುತ್ತಿಗೇ ಹಿಡಿಯಿತು. ಆದರೆ ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ, ಏರು ಬಂದ ಕೂಡಲೇ, ಉಸಿರುಕಟ್ಟಿದಂತೆ ಮುಗ್ಗರಿಸಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು.

ಫಿಲ್ಟರ್ ಮೂರು ಸಲ ಬದಲಾಯಿಸಿದೆ. ಒಬ್ಬರು ಮೆಕ್ಯಾನಿಕ್ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಹೋಗಿದೆ ಎಂದರು, ಇನ್ನೊಬ್ಬರು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಎಂದರು. ಎರಡೂ ಹೊಸದಾದವು, ಕಾರು ಅದೇ ಏರಿನಲ್ಲಿ ನಿಂತಿತು. ಆ ಹತ್ತು ನಿಮಿಷದಲ್ಲೇ ಉತ್ತರ ಇತ್ತು ಎಂದು ನನಗೆ ಹೊಳೆದದ್ದು ತಡವಾಗಿ. ಪಂಪ್ ಎಳೆಯುತ್ತಿರುವಾಗ ಟ್ಯಾಂಕಿನ ತಳದ ತುಕ್ಕಿನ ಪುಡಿ ಬಂದು ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆತವೂ ನಿಲ್ಲುತ್ತದೆ, ಪುಡಿ ಕೆಳಗೆ ಉದುರುತ್ತದೆ, ದಾರಿ ತೆರೆಯುತ್ತದೆ. ಹಳೆಯ ಕಾರು ಹೀಗೆ ನಿಂತು ನಿಂತು ಓಡುತ್ತಿದ್ದರೆ ಬೇರೆ ಯಾವುದಕ್ಕೂ ದುಡ್ಡು ಹಾಕುವ ಮೊದಲು ದಯವಿಟ್ಟು ಟ್ಯಾಂಕ್ ನೋಡಿ.

ಬ್ಯಾಟರಿಯ ತಂತಿ ಬಿಡಿಸಿ, ಪೆಟ್ರೋಲನ್ನು ಪೂರ್ತಿ ಬಸಿದು, ಹಿಂದಿನ ರಾತ್ರಿಯೇ ಎಣ್ಣೆ ಕುಡಿಸಿಟ್ಟಿದ್ದ ಬೋಲ್ಟುಗಳನ್ನು ಬಿಚ್ಚಿ ಟ್ಯಾಂಕ್ ಇಳಿಸಿದೆವು. ಬಯಲಿನಲ್ಲೇ, ಹತ್ತಿರ ಬೀಡಿಯಾಗಲಿ ಒಲೆಯಾಗಲಿ ಇಲ್ಲದ ಕಡೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೆ ಹೆಚ್ಚು ಹೆದರಬೇಕು, ಏಕೆಂದರೆ ಅದರ ಹೊಟ್ಟೆಯ ತುಂಬ ಆವಿ ಮತ್ತು ಗಾಳಿಯೇ ಇರುತ್ತದೆ.

ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ತೆಗೆದು, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿದೆ. ಮೇಲ್ಭಾಗದಲ್ಲಿ ಹುರಿದ ರಾಗಿಯ ಬಣ್ಣದ ತುಕ್ಕು. ತಳದಲ್ಲಿ ಜೋನಿಬೆಲ್ಲದಂತೆ ಅಂಟಾದ ಕಪ್ಪು ಪದರ, ಹಳೆಯ ಪೆಟ್ರೋಲ್ ಗಟ್ಟಿಯಾದದ್ದು. ಈ ಅಂಟು ಹೋಗದೆ ಕೆಳಗಿನ ತುಕ್ಕಿಗೆ ಯಾವ ಔಷಧವೂ ತಾಗುವುದಿಲ್ಲ. ಮೊದಲು ಥಿನ್ನರ್ ಹಾಕಿ ಒಂದು ದಿನ ನೆನೆಸಿದೆ, ಆಮೇಲೆ ಬಚ್ಚಲ ಹಂಡೆಯ ಕುದಿಯುವ ನೀರಿಗೆ ಸೋಪಿನ ಪುಡಿ ಬೆರೆಸಿ ಐದು ಸಲ ತೊಳೆದೆ.

ಅನಂತರ ಕಬ್ಬಿಣದ ನಟ್ಟುಗಳು. ಅರವತ್ತು ಎಣಿಸಿ ಒಳಗೆ ಹಾಕಿ, ಟ್ಯಾಂಕಿಗೆ ಗೋಣಿಚೀಲ ಸುತ್ತಿ, ನಾನು ಮತ್ತು ತಮ್ಮ ಅಡಿಕೆ ಒಣಗಿಸುವ ಅಂಗಳದಲ್ಲಿ ಮಧ್ಯಾಹ್ನವಿಡೀ ಹೊರಳಿಸಿದೆವು. ಮಗುಚಿದಾಗ ಬಂದದ್ದು ಐವತ್ತೊಂಬತ್ತು. ಉಳಿದ ಒಂದು ಒಳಗಿನ ಅಡ್ಡತಗಡಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ತಂತಿಯ ತುದಿಗೆ ಅಯಸ್ಕಾಂತ ಕಟ್ಟಿ ಹೊರಗೆ ತೆಗೆದೆ. ಎಣಿಸದೆ ಹಾಕಿದ್ದರೆ ಅದು ಅಲ್ಲೇ ಉಳಿದುಬಿಡುತ್ತಿತ್ತು.

ತುಕ್ಕಿಗೆ ನಾನು ಬಳಸಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ಕಕ್ಕಸು ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ಎಂದು ಹಲವರು ಹೇಳಿದರು. ಅದು ತುಕ್ಕಿನ ಜೊತೆಗೆ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಮೂವತ್ತೇಳು ವರ್ಷದ ತಗಡಿಗೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಫ್ಲೋಟಿನ ತೂತಿಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ತಗಡು ಬಿಗಿದು, ಐವತ್ತು ಲೀಟರಿನಷ್ಟು ಬಿಸಿನೀರಿಗೆ ಮೂರು ಕಿಲೋ ನಿಂಬೆ ಉಪ್ಪು ಕರಗಿಸಿ ತುಂಬಿದೆ. ಅನಿಲ ಹೊರಡುವುದರಿಂದ ಮೇಲಿನ ಬಾಯಿಯನ್ನು ಮುಚ್ಚಲಿಲ್ಲ. ಎರಡು ದಿನ ಬಿಟ್ಟು ಸುರಿದಾಗ ನೀರು ಹಸಿರುಗಪ್ಪಾಗಿತ್ತು, ಒಳಗಿನ ಉಕ್ಕು ಬೂದುಬಣ್ಣಕ್ಕೆ ತಿರುಗಿತ್ತು. ಆ ನೀರಿಗೆ ವಾಷಿಂಗ್ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ಕಲಕಿ, ತೋಟದಿಂದ ದೂರ ಚೆಲ್ಲಿದೆ. ಥಿನ್ನರ್ ಮತ್ತು ಹಳೆಯ ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟೆ.

ಕೆಲಸ ಕೆಡುವುದು ಒಣಗಿಸುವಾಗ. ಮೊದಲ ಸಲ ತಣ್ಣೀರಿನಲ್ಲಿ ತೊಳೆದು, ಕಾಫಿ ಕುಡಿದು ಬರುವಷ್ಟರಲ್ಲಿ ಒಳಗೆಲ್ಲ ಅರಿಸಿನ ಚಿಮುಕಿಸಿದಂತೆ ಹೊಸ ತುಕ್ಕು ಹಬ್ಬಿತ್ತು. ಎರಡು ದಿನದ ಶ್ರಮ ಹತ್ತು ನಿಮಿಷದಲ್ಲಿ ಹೋಯಿತಲ್ಲ ಎಂದು ಕಣ್ಣು ತುಂಬಿ ಬಂತು. ಮತ್ತೆ ಒಂದು ಕಿಲೋ ನಿಂಬೆ ಉಪ್ಪು, ಮತ್ತೆ ಒಂದು ರಾತ್ರಿ. ಈ ಸಲ ಸೋಡಾ ನೀರು, ಅದರ ಬೆನ್ನಿಗೇ ಹಂಡೆಯ ಕುದಿನೀರು. ತಗಡು ಮುಟ್ಟಲಾಗದಷ್ಟು ಕಾದಾಗ ನೀರು ಚೆಲ್ಲಿ, ಸುಡುಬಿಸಿಲಿನಲ್ಲಿಟ್ಟು ಬ್ಲೋವರ್ ಗಾಳಿ ಬಿಟ್ಟೆ. ಕಾಲು ಗಂಟೆಯಲ್ಲಿ ಒಣಗಿತು, ಬೂದುಬಣ್ಣ ಹಾಗೆಯೇ ಉಳಿಯಿತು.

ಆಗಲೇ ತಳದಲ್ಲಿ ಸೂಜಿಮೊನೆಯಂಥ ಎರಡು ತೂತು ಕಂಡವು. ಇಷ್ಟು ದಿನ ಅವುಗಳನ್ನು ತುಕ್ಕೇ ಮುಚ್ಚಿಟ್ಟಿತ್ತು. ರೇಡಿಯೇಟರ್ ದುರಸ್ತಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ಮೊದಲು ಮೂಗಿಟ್ಟು ನೋಡಿದರು. “ಪೆಟ್ರೋಲ್ ವಾಸನೆ ಒಂದು ಚೂರು ಇದ್ದರೂ ವಾಪಸ್ ತಗೊಂಡು ಹೋಗಿ ಎನ್ನುತ್ತಿದ್ದೆ” ಎಂದರು. ಟ್ಯಾಂಕನ್ನು ಬೋರಲು ಹಾಕಿ, ತೂತಿನ ಹತ್ತಿರದವರೆಗೂ ನೀರು ತುಂಬಿ, ಬೆಂಕಿಯ ಜ್ವಾಲೆ ತಾಗಿಸದೆ ಕಾಯಿಸಿದ ಬೆಸುಗೆ ಕಡ್ಡಿಯಿಂದ ತವರ ಹಾಕಿದರು. ಮನೆಗೆ ತಂದು ಮತ್ತೆ ಕುದಿನೀರು, ಮತ್ತೆ ಬಿಸಿಲು. ಕೊನೆಗೆ ಒಂದು ಲೀಟರ್ ಪೆಟ್ರೋಲಿಗೆ 2ಟಿ ಎಣ್ಣೆ (ಟು-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿ ಒಳಗೆಲ್ಲ ಓಡಾಡಿಸಿದೆ. ಒಳಗೆ ಎಪಾಕ್ಸಿ ಲೇಪಿಸಿ ಎಂದು ಸಲಹೆ ಬಂದಿತ್ತು, ಒಪ್ಪಲಿಲ್ಲ. ಸರಿಯಾಗಿ ಹಿಡಿಯದ ಲೇಪ ಮುಂದೆ ಹಪ್ಪಳದಂತೆ ಎದ್ದು ಅದೇ ಪೈಪಿನ ಬಾಯಿಗೆ ಅಡ್ಡ ಬರುತ್ತದೆ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿದೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದೂ ಇಲ್ಲ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕೊಪ್ಪದವರೆಗೆ ಹೋಗಿ ಬರುತ್ತೇನೆ.

ಮೊದಲ ಓಟಕ್ಕೆ ಪಾರದರ್ಶಕ ಫಿಲ್ಟರ್ ಹಾಕಿದ್ದೆ. ಆ ಏರು ಹತ್ತಿ, ಮೇಲೆ ನಿಲ್ಲಿಸಿ, ಬಾನೆಟ್ ಎತ್ತಿದೆವು. ಅಪ್ಪಯ್ಯ ಕನ್ನಡಕ ಏರಿಸಿ ಬಗ್ಗಿ ಬಹಳ ಹೊತ್ತು ನೋಡಿದರು. ಒಳಗೆ ಪೆಟ್ರೋಲ್ ತಿಳಿಯಾಗಿತ್ತು. “ಸರಿ, ಇನ್ನು ನಾನು ಓಡಿಸುತ್ತೇನೆ” ಎಂದು ಕೀಲಿಗೆ ಕೈ ಚಾಚಿದರು.