ಲೋಡ್ ಎಳೆಯುವ ಆಟೋಮ್ಯಾಟಿಕ್ ಪಿಕಪ್‌ಗೆ ಗೇರ್ ಎಷ್ಟು ಗಟ್ಟಿಯಾಗಿ ಬೀಳಬೇಕು? – ನನ್ನ ಅನುಭವ

"ಗೇರ್ ಬೀಳೋದೇ ಗೊತ್ತಾಗಲ್ಲ, ಅಷ್ಟು ಸ್ಮೂತ್" ಅಂತ ಯಾರಾದರೂ ತಮ್ಮ ಹಳೇ ಆಟೋಮ್ಯಾಟಿಕ್ ಪಿಕಪ್ ಬಗ್ಗೆ ಹೇಳಿದರೆ ನನಗೆ ಚಿಂತೆ ಶುರುವಾಗುತ್ತದೆ. ಸಿಟಿಯಲ್ಲಿ ಓಡುವ ಕಾರಿಗೆ ಅದು ಸರಿ. ಕಾಫಿ ಮೂಟೆ ಹೇರಿಕೊಂಡು ಘಾಟಿ ಹತ್ತುವ ಗಾಡಿಗೆ ಒಳ್ಳೇ ಲಕ್ಷಣ ಅಲ್ಲ. ಗೇರ್ ಬದಲಾಗುವ ಆ ಒಂದು ಕ್ಷಣ ಕ್ಲಚ್ ಪ್ಲೇಟುಗಳು ಜಾರುತ್ತಲೇ ಹಿಡಿಯುತ್ತವೆ. ಹಿಡಿಯೋದು ನಿಧಾನವಾದಷ್ಟೂ ಬಿಸಿ ಜಾಸ್ತಿ. ಕೂತವರಿಗೆ ಹಾಯಾಗಿರುತ್ತದೆ, ಒಳಗೆ ಪ್ಲೇಟ್ ಸುಡುತ್ತಿರುತ್ತದೆ.

ಕುಶಾಲನಗರದ ನಮ್ಮ ಗ್ಯಾರೇಜಿಗೆ ಸಿದ್ದಾಪುರದ ಕಡೆಯ ತೋಟದ ಪಿಕಪ್ ಬಂದಿತ್ತು. ಟೊಯೋಟಾದ ಎ340 ಗೇರ್‌ಬಾಕ್ಸ್, ನಾಲ್ಕು ಗೇರು, ಥ್ರಾಟಲ್ ಕೇಬಲ್ (ಆಕ್ಸಿಲರೇಟರ್ ಒತ್ತಿದಂತೆ ಗೇರ್‌ಬಾಕ್ಸಿನ ಆಯಿಲ್ ಪ್ರೆಶರ್ ಏರಿಸುವ ತಂತಿ) ಇರುವ ಕಾಲದ್ದು. ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಒಮ್ಮೆ ಕೂಗಿ, ಆಮೇಲೆ ಗಾಡಿ ಎಳೆಯುತ್ತಿತ್ತು. ಆಯಿಲ್ ಪ್ಯಾನ್ ಬಿಚ್ಚಿದಾಗಲೇ ಸುಟ್ಟ ವಾಸನೆ. ಈ ಬಾಕ್ಸಿನಲ್ಲಿ ಎರಡನೇ ಗೇರಿಗೆ ಬಿ2 ಬ್ರೇಕ್, ಮೂರನೇ ಗೇರಿಗೆ ಸಿ2 ಕ್ಲಚ್ ಹಿಡಿಯಬೇಕು; ಎರಡೂ ಒಳಗಿನ ಪ್ಲೇಟ್ ಸೆಟ್‌ಗಳ ಹೆಸರು. ಸಿ2 ಡ್ರಮ್ ಬಿಚ್ಚಿದರೆ ಫ್ರಿಕ್ಷನ್ ಪ್ಲೇಟುಗಳು ಕರ್ರಗಾಗಿದ್ದವು. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಸ್ಟೀಲ್ ಪ್ಲೇಟುಗಳ ಮೇಲೆ ಅಲ್ಲಲ್ಲಿ ನೀಲಿ ಕಲೆ. ಬಿ2 ಪ್ಲೇಟುಗಳು ಅಷ್ಟೊಂದು ಹಾಳಾಗಿರಲಿಲ್ಲ.

ಗೇರ್ ಗಟ್ಟಿಯಾಗಿ ಬೀಳಲಿ ಅಂತ ಬಹಳ ಜನ ಮೊದಲು ಕೈ ಹಾಕುವುದು ಕೇಬಲ್‌ಗೆ. ನಾನು ಶುರು ಮಾಡೋದು ಪ್ಲೇಟುಗಳ ಗ್ಯಾಪಿನಿಂದ. ಗ್ಯಾಪ್ ಜಾಸ್ತಿ ಇದ್ದರೆ ಪ್ಲೇಟುಗಳನ್ನು ಒತ್ತುವ ಪಿಸ್ಟನ್ ಅಷ್ಟು ದೂರ ಬರಬೇಕು, ಅದರ ಹಿಂದೆ ಅಷ್ಟು ಆಯಿಲ್ ತುಂಬಬೇಕು. ಗೇರ್ ತಡವಾಗುತ್ತದೆ. ಆ ತಡವನ್ನು ಪ್ರೆಶರ್ ಏರಿಸಿ ಮುಚ್ಚಲು ಹೋದರೆ ತಡವೂ ಉಳಿಯುತ್ತದೆ, ಕೊನೆಯಲ್ಲಿ ಧಡ್ ಅಂತ ಒದೆಯುವುದೂ ಸೇರುತ್ತದೆ.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ರಾತ್ರಿಯಿಡೀ ಎಟಿಎಫ್‌ನಲ್ಲಿ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ನೆನೆಸಿಟ್ಟು ಜೋಡಿಸಿದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಗ್ಯಾಪ್ ಅಳೆದೆ. ಒಂದು ಫ್ರಿಕ್ಷನ್ ಪ್ಲೇಟಿಗೆ ಸುಮಾರು 0.25 ಮಿ.ಮೀ. ಅನ್ನುವುದು ಈ ಕೆಲಸದವರ ಅಂದಾಜು. ಮ್ಯಾನುಯಲ್ ಕೈಯಲ್ಲಿದ್ದರೆ ಅದರ ಅಳತೆಯೇ ಕೊನೇ ಮಾತು. ದಪ್ಪದ ಪ್ಲೇಟ್ ಆರಿಸಿ, ಮ್ಯಾನುಯಲ್ ಹೇಳುವ ಮಿತಿಯೊಳಗೇ ಗ್ಯಾಪನ್ನು ಕಡಿಮೆ ಕಡೆಗೆ ತಂದೆ. ಆಮೇಲೆ ಡ್ರಮ್ಮಿನ ಆಯಿಲ್ ತೂತಿಗೆ ಕಂಪ್ರೆಸರ್ ಗಾಳಿ ಬಿಟ್ಟೆ. ಪಿಸ್ಟನ್ ಟಪ್ ಅಂತ ಒಂದೇ ಏಟಿಗೆ ಕೂರಬೇಕು. ಬುಸ್ ಅಂತ ಗಾಳಿ ಸೋರಿದರೆ ಸೀಲ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಮತ್ತೆ ಬಿಚ್ಚಲೇಬೇಕು.

ಗೇರಿನ ಹದ ನಿಜವಾಗಿ ಇರುವುದು ಅಕ್ಯುಮುಲೇಟರ್‌ನಲ್ಲಿ. ಕ್ಲಚ್‌ಗೆ ಹೋಗುವ ಆಯಿಲಿನ ದಾರಿಯಲ್ಲಿ ಒಂದು ಪಿಸ್ಟನ್, ಒಂದು ಸ್ಪ್ರಿಂಗ್. ಪ್ರೆಶರ್ ಏರುವಾಗ ಆ ಪಿಸ್ಟನ್ ಹಿಂದೆ ಸರಿದು ಹೊಡೆತವನ್ನು ನುಂಗಿಕೊಳ್ಳುತ್ತದೆ, ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ಸಿ2 ಅಕ್ಯುಮುಲೇಟರ್‌ನಲ್ಲಿ ಓ-ರಿಂಗ್ ಚಪ್ಪಟೆಯಾಗಿ ಕಲ್ಲಿನಂತಾಗಿತ್ತು. ಅದನ್ನು ಬದಲಿಸಿ, ಸ್ವಲ್ಪ ಬಿಗಿಯಾದ ಸ್ಪ್ರಿಂಗ್ ಹಾಕಿದೆ. ಬಿ2ದರಲ್ಲಿ ಕಂಪನಿ ಸ್ಪ್ರಿಂಗನ್ನೇ ಉಳಿಸಿದೆ.

ಎರಡಕ್ಕೂ ಒಂದೇ ಥರ ಯಾಕೆ ಬೇಡ ಅಂದರೆ, ನಮ್ಮ ತೋಟದ ದಾರಿ. ಜೂನ್ ಬಂತೆಂದರೆ ಕೆಂಪು ಮಣ್ಣು ಸಾಬೂನು ಹಚ್ಚಿದಂತೆ ಜಾರುತ್ತದೆ. ಖಾಲಿ ಪಿಕಪ್‌ನ ಹಿಂದುಗಡೆ ಭಾರ ಇರಲ್ಲ. ಏರಿನಲ್ಲಿ ಒಂದರಿಂದ ಎರಡಕ್ಕೆ ಗೇರ್ ಒದ್ದು ಬಿದ್ದರೆ ಚಕ್ರ ಅಲ್ಲೇ ತಿರುಗಿ ಗಾಡಿ ಅಡ್ಡ ಹೋಗುತ್ತದೆ. ಎರಡು–ಮೂರರ ಕಥೆ ಬೇರೆ. ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದಲ್ಲಿ ಲೋಡ್ ಜೊತೆ ಮತ್ತೆ ಮತ್ತೆ ಬದಲಾಗುವ ಗೇರ್ ಅದು. ಅದು ಬೇಗ ಹಿಡಿಯಲೇಬೇಕು.

ಸ್ಪ್ರಿಂಗ್ ಜಾಗದಲ್ಲಿ ಪೈಪು ತುಂಡು ಇಟ್ಟು ಅಕ್ಯುಮುಲೇಟರನ್ನೇ ಬಂದ್ ಮಾಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಲಚ್ ಉಳಿಯಬಹುದು, ಆದರೆ ಆ ಹೊಡೆತ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ, ಕ್ರೌನ್ ಪಿನಿಯನ್‌ಗೆ ಹೋಗುತ್ತದೆ. ವಾಲ್ವ್ ಬಾಡಿಯ (ಆಯಿಲನ್ನು ಆಯಾ ಕ್ಲಚ್‌ಗೆ ಕಳಿಸುವ ಭಾಗ) ಸೆಪರೇಟರ್ ಪ್ಲೇಟಿನಲ್ಲಿರುವ ಆಯಿಲ್ ತೂತನ್ನು ಡ್ರಿಲ್ ಮಾಡಿ ದೊಡ್ಡದು ಮಾಡಿದರೂ ಗೇರ್ ಗಟ್ಟಿಯಾಗುತ್ತದೆ. ಆದರೆ ದೊಡ್ಡದಾದ ತೂತು ಮತ್ತೆ ಚಿಕ್ಕದಾಗಲ್ಲ, ಅಲ್ವಾ? ಸ್ಪ್ರಿಂಗ್ ಆದರೆ ವಾಪಸ್ ಬದಲಿಸಬಹುದು. ಹಾಗಾಗಿ ಡ್ರಿಲ್ ಮುಟ್ಟಲಿಲ್ಲ.

ವಾಲ್ವ್ ಬಾಡಿ ಬಿಚ್ಚಿದಾಗ ಕಾಟನ್ ವೇಸ್ಟ್ ಹತ್ತಿರಕ್ಕೂ ತರಬಾರದು. ಒಂದು ಎಳೆ ನೂಲು ಸಾಕು, ವಾಲ್ವ್ ಸಿಕ್ಕಿಕೊಳ್ಳುತ್ತದೆ.

ಬಾಕ್ಸ್ ಕೂರಿಸಿದ ಮೇಲೆ ಕೇಬಲ್. ಹುಡುಗನಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಹೇಳಿ, ಕೇಬಲ್ಲಿನ ಸ್ಟಾಪರ್ ಮತ್ತು ರಬ್ಬರ್ ಬೂಟಿನ ತುದಿಯ ನಡುವೆ 0–1 ಮಿ.ಮೀ. ಬರುವ ಹಾಗೆ ನಟ್ ಬಿಗಿದೆ. ಕೇಬಲ್ ಸಡಿಲವಿದ್ದರೆ ಲೈನ್ ಪ್ರೆಶರ್ (ಕ್ಲಚ್ ಒತ್ತುವ ಆಯಿಲಿನ ಒತ್ತಡ) ಇಳಿದು ಹೊಸ ಪ್ಲೇಟೂ ಸುಡುತ್ತದೆ. ಜಾಸ್ತಿ ಎಳೆದರೆ ಎಲ್ಲಾ ಗೇರೂ ಒದೆಯುತ್ತದೆ. ಪ್ರೆಶರ್ ಗೇಜ್ ಹಾಕಿ ಐಡಲ್‌ನಲ್ಲೂ ಸ್ಟಾಲ್‌ನಲ್ಲೂ (ಬ್ರೇಕ್ ಒತ್ತಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಕೊಟ್ಟು) ನೋಡಿದೆ. ಸ್ಟಾಲ್ ಪರೀಕ್ಷೆ 5 ಸೆಕೆಂಡ್ ಮೀರಬಾರದು.

ಕೊಡಗಿನ ಬೆಳಗಿನ ಚಳಿಗೆ ಆಯಿಲ್ ದಪ್ಪಗಿರುತ್ತದೆ, ಆಗ ಗೇರಿನ ಹದ ನೋಡಿ ಏನೂ ತೀರ್ಮಾನ ಮಾಡಬಾರದು. ಆಯಿಲ್ 70–80 ಡಿಗ್ರಿಗೆ ಬಂದ ಮೇಲೆ ಲೆವೆಲ್ ನೋಡಿ, ಮೂಟೆ ಹೇರಿಸಿ, ಸಂಪಾಜೆಗೆ ಇಳಿದು ಮಡಿಕೇರಿಗೆ ಹತ್ತಿಸಿದೆ. ಮೂರನೇ ಗೇರ್ ಬೆನ್ನಿಗೆ ಸಣ್ಣಗೆ ತಟ್ಟಿದಂತೆ ಬಿತ್ತು. ಇಂಜಿನ್ ಕೂಗಲಿಲ್ಲ.

"ಮೊದಲಿಗಿಂತ ಗಟ್ಟಿ ಅನಿಸ್ತಿದೆಯಲ್ಲ ಅಣ್ಣಾ?" ಅಂದರು ಓನರ್. ಅಷ್ಟು ಇರಲೇಬೇಕು ಅಂದೆ. ಒಂದು ಸಾವಿರ ಕಿ.ಮೀ. ಓಡಿಸಿ ಬನ್ನಿ, ಪ್ಯಾನ್ ಬಿಚ್ಚಿ ಮ್ಯಾಗ್ನೆಟ್ ನೋಡೋಣ ಅಂತಲೂ ಹೇಳಿದೆ. ಬಂದರು. ಮ್ಯಾಗ್ನೆಟ್ ಮೇಲೆ ತೆಳ್ಳಗೆ ಬೂದು ಬಣ್ಣದ ಪೇಸ್ಟ್ ಇತ್ತು. ಹೊಸ ಪ್ಲೇಟು ಹೊಂದಿಕೊಳ್ಳುವಾಗ ಅಷ್ಟು ಬರುತ್ತದೆ. ಚೂರು, ಚಕ್ಕೆ ಯಾವುದೂ ಇರಲಿಲ್ಲ, ಆಯಿಲ್ ಕೆಂಪಗೇ ಇತ್ತು.